ಅಣ್ಣನ ಊಟಕ್ಕೆ ನಾವು ಬೆರೆಸಿದ್ದು

ಮಾತ್ರೆ ಪುಡಿ ಮಾಡಲು ಲಟ್ಟಣಿಗೆಗಿಂತ ಸ್ಟೀಲ್ ಲೋಟದ ತಳವೇ ಮೇಲು. ಲಟ್ಟಣಿಗೆಯಲ್ಲಿ ಸದ್ದಾಗುತ್ತದೆ, ಪುಡಿ ಅತ್ತಿತ್ತ ಸಿಡಿದು ಅರ್ಧಕ್ಕರ್ಧ ದಂಡವಾಗುತ್ತದೆ. ಕಾಗದವನ್ನು ಮಡಿಸಿ, ನಡುವೆ ಮಾತ್ರೆಯಿಟ್ಟು, ಲೋಟದ ತಳದಿಂದ ಒತ್ತಿ ತಿರುವಿದರೆ ಹಿಟ್ಟಿನ ಹಾಗಾಗುತ್ತದೆ. ಸಾರಿಗೆ ಹಾಕಿದರೆ ಮೇಲೆ ತೇಲುತ್ತದೆ. ಶೇಂಗಾ ಚಟ್ನಿಯಲ್ಲಿ ಕಾಣುವುದಿಲ್ಲ. ಕಾಫಿಯಲ್ಲಿ ಕಹಿಯೊಳಗೆ ಕಹಿ ಸೇರಿಹೋಗುತ್ತದೆ. ಇದನ್ನೆಲ್ಲ ನಾನು ಮತ್ತು ನನ್ನ ಹೆಂಡತಿ ಒಂದೂವರೆ ತಿಂಗಳಲ್ಲಿ ಕಲಿತೆವು. ಕಲಿತದ್ದನ್ನು ಬೇರೆಯವರಿಗೆ ಹೇಳಿಕೊಡಲು ಬರೆಯುತ್ತಿಲ್ಲ. ಅದರಿಂದ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅವನು ಓದಲಿ ಎಂದು ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ದುಡಿಯಲು ಹೋದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಜಂಬವಿದೆ. ಅವನು ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕನಾಗಿದ್ದ. ಮದುವೆಯಾಗಿರಲಿಲ್ಲ, ಹತ್ತಿರದಲ್ಲೇ ರೂಮು ಮಾಡಿಕೊಂಡಿದ್ದ. ನಾನು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಡೈಜೆಸ್ಟರ್ ಆಪರೇಟರ್. ಬಿದಿರು, ನೀಲಗಿರಿಯ ಚೂರುಗಳನ್ನು ಮೂರು ಆಳೆತ್ತರದ ಕಬ್ಬಿಣದ ಪಾತ್ರೆಗೆ ತುಂಬಿ, ಕಾಸ್ಟಿಕ್ ಸೋಡಾದ ನೀರು ಬಿಟ್ಟು, ಹಬೆಯಲ್ಲಿ ಬೇಯಿಸಿ ತಿರುಳು ಮಾಡುವ ಕೆಲಸ. ಅರ್ಧ ಗಂಟೆಗೊಮ್ಮೆ ಒತ್ತಡ ಎಷ್ಟು, ಬಿಸಿ ಎಷ್ಟು ಎಂದು ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಶಿಫ್ಟ್ ಬದಲಾಗುವಾಗ ಬಂದವನು ಆ ಪುಟ ಓದಿದ ಮೇಲೆಯೇ ವಾಲ್ವ್ ಮುಟ್ಟಬೇಕು. ನನ್ನ ಪುಟದಲ್ಲಿ ಒಂದು ಚಿತ್ತೂ ಇರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಸೆಕ್ಷನ್ನಿಗೆ ಅಣ್ಣನ ರೂಮಿನ ಮಾಲೀಕರ ಫೋನ್ ಬಂತು. ಅಣ್ಣ ಹದಿನೈದು ದಿನದಿಂದ ಕೆಲಸಕ್ಕೆ ಹೋಗಿಲ್ಲವಂತೆ, ಟ್ಯಾಂಕಿನ ನೀರೆಲ್ಲ ಕೈ ತೊಳೆದೇ ಖಾಲಿ ಮಾಡುತ್ತಾನಂತೆ, ಬಂದು ಕರೆದುಕೊಂಡು ಹೋಗಿ ಅಂದರು. ಹೋಗಿ ನೋಡಿದರೆ ಅವನ ಎರಡೂ ಅಂಗೈ ಚರ್ಮ ಸುಲಿದು ಕೆಂಪಾಗಿತ್ತು. ನನ್ನನ್ನು ಕಂಡವನೇ ನಲ್ಲಿ ನಿಲ್ಲಿಸಿ, ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟ.

ಕಾಗದನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ಅವನಿಗೆ ಬಿಟ್ಟುಕೊಟ್ಟೆವು. ಮೊದಲು ಓಲ್ಡ್ ಟೌನಿನ ಡಾಕ್ಟರಿಗೆ ತೋರಿಸಿದೆ. ಅವರು ಕೈ ನೋಡಿ, ಇದು ಗೀಳು, ಮಾತ್ರೆಗೆ ಬಗ್ಗುತ್ತದೆ ಅಂದರು. ಆದರೆ ಮುಂದಿನ ವಾರ ಅವನು ಕೈ ತೊಳೆಯುವುದನ್ನು ಬಿಟ್ಟು, ಮೂರು ದಿನ ಕಣ್ಣು ಮುಚ್ಚದೆ, ಇಡೀ ಜಿಲ್ಲೆಯ ಮಣ್ಣನ್ನು ಸರಿಮಾಡುವ ಯೋಜನೆ ಎಂದು ನಾಲ್ಕು ನೋಟ್ ಬುಕ್ ತುಂಬಿಸಿದ. ಅದರ ಮುಂದಿನ ವಾರ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಆಮೇಲೆ ಊಟದ ಮೇಲೆ ಅನುಮಾನ ಶುರುವಾಯಿತು. ಬಿತ್ತನೆ ಬೀಜಕ್ಕೆ ಸವರುವ ವಿಷವನ್ನು ಯಾರೋ ತನ್ನ ಅನ್ನಕ್ಕೆ ಹಾಕುತ್ತಿದ್ದಾರೆ ಅನ್ನುತ್ತಿದ್ದ. ಯಾರು ಎಂದು ಕೇಳಿದರೆ, ‘ಅದು ಗೊತ್ತಾದ್ರೆ ಇಲ್ಲಿ ಯಾಕೆ ಕೂರ್ತಿದ್ದೆ’ ಅನ್ನುತ್ತಿದ್ದ.

ಶಿವಮೊಗ್ಗದ ಮಾನಸಿಕ ಡಾಕ್ಟರು ಒಂದು ಗಂಟೆ ಮಾತಾಡಿಸಿದರು. ರೋಗದ ಹೆಸರು ಹೇಳಿ ಸಾರ್ ಅಂದೆ. ನಮ್ಮಲ್ಲಿ ಪಂಪು ನಿಂತರೆ ಬೇರಿಂಗೋ ಸೀಲೋ ಮೋಟಾರೋ ಅಂತ ಒಂದು ಕಾರಣ ಸಿಗುತ್ತದೆ. ಸಿಕ್ಕಮೇಲೆ ಅರ್ಧ ಕೆಲಸ ಮುಗಿದ ಹಾಗೆ.

‘ಗೀಳೂ ಇದೆ, ಮನಸ್ಸು ಏರೋದು ಇಳಿಯೋದೂ ಇದೆ, ಸಂಶಯವೂ ಇದೆ’ ಅಂದರು ಅವರು. ‘ಒಂದರ ಮೇಲೊಂದು ಬಂದು ಕೂತಿರಬಹುದು. ಇಲ್ಲ, ಒಂದೇ ಮೂರು ಥರ ಕಾಣ್ತಿರಬಹುದು. ಈಗ್ಲೇ ಹೆಸರಿಟ್ರೆ ತಪ್ಪಾಗುತ್ತೆ. ಆರು ತಿಂಗಳು ನೋಡೋಣ.’

ಆರು ತಿಂಗಳು. ನಾನು ಎಂಟು ಗಂಟೆ ಕಾರ್ಖಾನೆಯಲ್ಲಿದ್ದಾಗ ಹೆಂಡತಿ ಒಬ್ಬಳೇ ಅವನ ಜೊತೆ ಇರುತ್ತಿದ್ದಳು. ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಆದರೂ ನಾನು ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದೆ, ಬಚ್ಚಲುಮನೆಯ ಒಳಚಿಲಕ ಬಿಚ್ಚಿದೆ. ಭದ್ರಾ ನಾಲೆಯ ಕಡೆಗೆ ಅವನು ಒಬ್ಬನೇ ಹೋಗಬಾರದು ಎಂದು ಅವಳಿಗೆ ಹೇಳಿದ್ದೆ. ನಾಲೆಯ ಯೋಚನೆ ಅವನಿಗೆ ಬಂದಿತ್ತೋ ಇಲ್ಲವೋ, ನನಗೆ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಸೆಕ್ಷನ್ನಿನ ಫೋನ್ ಗಣಗಣ ಅಂದರೆ ಸಾಕು, ಕೈಯಲ್ಲಿದ್ದ ಪೆನ್ನು ನಿಂತುಬಿಡುತ್ತಿತ್ತು. ಸ್ಟೋರಿನವನು ನಟ್ಟು ಬೋಲ್ಟಿನ ವಿಚಾರಕ್ಕೆ ಮಾಡಿದ ಫೋನೂ ನನಗೆ ನಾಲೆಯ ದಡದಿಂದ ಬಂದ ಹಾಗೆ ಕೇಳುತ್ತಿತ್ತು.

ಮಾತ್ರೆಯನ್ನು ಅವನು ನುಂಗುತ್ತಿರಲಿಲ್ಲ. ನಾಲಿಗೆ ಕೆಳಗಿಟ್ಟುಕೊಂಡು ಹಿತ್ತಲಲ್ಲಿ ಉಗಿದುಬಿಡುತ್ತಿದ್ದ. ಜೊತೆಯ ಆಪರೇಟರ್ ಒಬ್ಬನಿಗೆ ಹೇಳಿಕೊಂಡೆ. ‘ಅನ್ನದಲ್ಲಿ ಕಲಸಿ ಕೊಡು ಮಾರಾಯ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ’ ಅಂದ. ಅವತ್ತೇ ಶುರುಮಾಡಿದೆವು. ಡಾಕ್ಟರಿಗೆ ಹೇಳಲಿಲ್ಲ. ಅವರು ಎರಡು ಥರದ ಮಾತ್ರೆ ಬರೆದಿದ್ದರು. ಒಂದು ಮನಸ್ಸಿಗೆ. ಇನ್ನೊಂದು, ಮೊದಲನೆಯದರಿಂದ ಕೈ ನಡುಗದ ಹಾಗೆ, ಮೈ ಬಿಗಿಯದ ಹಾಗೆ. ಕೈ ನಡುಗುತ್ತಿಲ್ಲವಲ್ಲ, ಸುಮ್ಮನೆ ಎರಡೆರಡು ಪುಡಿ ಯಾಕೆ ಎಂದು ಎರಡನೆಯದನ್ನು ನಾನೇ ನಿಲ್ಲಿಸಿದೆ. ಏಳನೇ ಕ್ಲಾಸು ಓದಿದವನು ಡಾಕ್ಟರಿಕೆ ಮಾಡಿದ್ದು ಹೀಗೆ.

ಮನೆಯಲ್ಲಿ ಮಾತ್ರೆಯ ಲೆಕ್ಕವನ್ನು ಎಲ್ಲೂ ಬರೆದಿಡುವ ಹಾಗಿರಲಿಲ್ಲ. ಅಣ್ಣ ಬೇಳೆ ಕಟ್ಟಿ ತಂದ ಕಾಗದವನ್ನೂ ಬಿಡಿಸಿ ಓದುವವನು. ಬಾಯಲ್ಲಿ ಆಡುವ ಹಾಗೂ ಇಲ್ಲ, ಆ ಮನೆಯಲ್ಲಿ ಪಿಸುಮಾತು ಕೂಡ ಮೂರು ಗೋಡೆ ದಾಟುತ್ತದೆ. ಅದಕ್ಕೆ ಒಂದು ಕಟ್ಟಳೆ ಮಾಡಿಕೊಂಡೆವು. ನನಗೆ ಫಸ್ಟ್ ಶಿಫ್ಟ್ ಇದ್ದ ವಾರ ಸಂಜೆ ನಾನು ಬೆರೆಸುವುದು, ಸೆಕೆಂಡ್ ಶಿಫ್ಟ್ ಇದ್ದ ವಾರ ಅವಳು. ಮಿಕ್ಕದ್ದೆಲ್ಲ ಕಣ್ಸನ್ನೆ.

ಮೂರು ವಾರಕ್ಕೆ ಅವನು ನಿದ್ದೆ ಮಾಡತೊಡಗಿದ. ಕೈಯ ಚರ್ಮ ಕೂಡಿಕೊಂಡಿತು. ಒಂದು ದಿನ ನನ್ನ ಹೆಂಡತಿಗೆ, ‘ಉಪ್ಪಿಟ್ಟಿಗೆ ಉಪ್ಪು ಹಾಕೋದು ಯಾವ ಊರಲ್ಲಿ ಕಲಿತೆಯಮ್ಮ’ ಎಂದು ತಮಾಷೆ ಮಾಡಿದ. ಅವಳು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಗೆದ್ದೆ ಅಂದುಕೊಂಡೆ.

ಅದಾದ ನಾಲ್ಕು ದಿನಕ್ಕೆ, ನಾನು ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದಾಗ, ಅಣ್ಣ ಕಿಟಕಿ ಹತ್ತಿರ ನಿಂತಿದ್ದ. ಕೈಯಲ್ಲಿ ದುಂಡಗೆ ಕತ್ತರಿಸಿದ ಸೋಸುವ ಕಾಗದ. ಲ್ಯಾಬಿನಿಂದ ತಂದಿಟ್ಟುಕೊಂಡದ್ದು. ಹಿಂದಿನ ಸಂಜೆ ಚಟ್ನಿಯನ್ನು ತಟ್ಟೆಯ ಅಂಚಿನಲ್ಲಿ ಉಳಿಸಿ, ನೀರಲ್ಲಿ ಕದಡಿ, ಸೋಸಿ, ಒಣಗಿಸಿದ್ದ. ಬೆಳಕಿಗೆ ಹಿಡಿದು ತೋರಿಸಿದ. ಕಾಗದದ ನಡುವೆ ತೆಳ್ಳಗೆ ಬಿಳಿ ಪುಡಿ.

‘ಇದೇನು?’

‘ಪುಟಾಣಿ ಹಿಟ್ಟು ಇರ್ಬೇಕು. ಚಟ್ನಿಗೆ ಹಾಕ್ತಾಳಲ್ಲ.’

‘ಪುಟಾಣಿ ಹೀಗೆ ಕೂರಲ್ಲ ಕಣೋ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದೀನಿ ನಾನು.’

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈಗ ಒಪ್ಪಿಕೊಂಡರೆ ಅವನು ಮತ್ತೆ ಈ ಮನೆಯಲ್ಲಿ ಒಂದು ಗುಟುಕು ನೀರೂ ಮುಟ್ಟುವುದಿಲ್ಲ, ಮತ್ತೆ ನಿದ್ದೆ ಹೋಗುತ್ತದೆ, ಮತ್ತೆ ನಾಲೆ. ನನಗೆ ಅಷ್ಟೇ ಹೊಳೆದದ್ದು. ಅಂಗಿಯೊಳಗೆ ಕೈ ಹಾಕಿ ಕೊರಳಿನ ಲಿಂಗವನ್ನು ಹಿಡಿದುಕೊಂಡೆ.

‘ಲಿಂಗ ಮುಟ್ಟಿ ಹೇಳ್ತೀನಿ ಅಣ್ಣ. ನಿನ್ನ ಊಟದಲ್ಲಿ ಯಾರೂ ಏನೂ ಹಾಕಿಲ್ಲ.’

ನಮ್ಮ ಮನೆತನದಲ್ಲಿ ಆ ಮಾತಿನ ಮುಂದೆ ಇನ್ನೊಂದು ಮಾತಿಲ್ಲ. ಅಪ್ಪ ಇಡೀ ಆಯುಷ್ಯದಲ್ಲಿ ಒಂದೇ ಸಲ, ಜಮೀನಿನ ತಕರಾರಿನಲ್ಲಿ, ಹಾಗೆ ಹೇಳಿದ್ದನ್ನು ನಾವಿಬ್ಬರೂ ನೋಡಿದ್ದೆವು. ಅಣ್ಣ ನನ್ನ ಕೈ ನೋಡಿದ. ಕಾಗದ ನೋಡಿದ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ‘ಹಂಗಾದ್ರೆ ನಂದೇ ತಪ್ಪು’ ಎಂದು ಊಟಕ್ಕೆ ಕೂತ. ತನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟು ನನ್ನ ಮಾತು ನಂಬಿದ. ಅವನು ತುತ್ತು ಎತ್ತುವುದನ್ನು ನೋಡುತ್ತ ನನಗೆ ಬಂದ ಹೆದರಿಕೆ ಬೇರೆ ಥರದ್ದು. ಅದಕ್ಕೆ ಮುಂಚೆ ಅವನಿಗೆ ಏನಾಗುತ್ತದೋ ಎಂದು ಹೆದರಿದ್ದೆ, ಈಗ ನನಗೆ ನಾನೇ ಹೆದರಿದೆ.

ಬೆರೆಸುವುದನ್ನು ಆಗಲೂ ನಿಲ್ಲಿಸಲಿಲ್ಲ. ಇನ್ನೂ ನುಣ್ಣಗೆ ಅರೆದೆವು.

ಮುಂದಿನ ವಾರ ನನಗೆ ಸೆಕೆಂಡ್ ಶಿಫ್ಟ್ ಬಿದ್ದಿತ್ತು. ಜೊತೆಯವನೊಬ್ಬ ಮನೆಯಲ್ಲಿ ಮದುವೆ ಓಡಾಟವಿದೆ, ಬದಲಾಯಿಸಿಕೊಳ್ಳೋಣ ಅಂದ. ಒಪ್ಪಿದೆ. ಹಾಗಾಗಿ ನಾನು ಬೆಳಿಗ್ಗೆ ಹೋಗಿ ಮಧ್ಯಾಹ್ನ ಎರಡೂವರೆಗೆ ಮನೆಗೆ ಬರುತ್ತಿದ್ದೆ. ಸಂಜೆ ಮನೆಯಲ್ಲಿದ್ದೇನಲ್ಲ, ನನ್ನ ಪಾಳಿ ಎಂದು ನಾನು ಚಟ್ನಿಗೆ ಬೆರೆಸಿದೆ. ಈ ವಾರ ತನ್ನ ಪಾಳಿ ಎಂದು ಅವಳು ಕಾಫಿಗೆ ಬೆರೆಸಿದಳು. ಕಣ್ಸನ್ನೆಯಲ್ಲಿ ‘ಆಯ್ತಾ’ ಅಂದರೆ ‘ಆಯ್ತು’ ಅನ್ನುತ್ತಿದ್ದೆವು. ಇಬ್ಬರದೂ ಆಗಿತ್ತು. ಕಾರ್ಖಾನೆಯಲ್ಲಿ ಯಾರಾದರೂ ಪುಟ ನೋಡದೆ ಎರಡನೇ ಸಲ ಹಬೆ ಬಿಟ್ಟಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದವನು ನಾನೇ. ಮನೆಯಲ್ಲಿ ನಾಲ್ಕು ದಿನ ಹೀಗೆ ನಡೆಯಿತು.

ಐದನೆಯ ದಿನ ಬೆಳಿಗ್ಗೆ ನನಗೆ ವಾರದ ರಜೆ. ಅಣ್ಣ ಪೇಪರ್ ಓದುತ್ತಿದ್ದವನು ಇದ್ದಕ್ಕಿದ್ದಂತೆ ನನ್ನ ಹೆಸರು ಕೂಗಿದ. ನೋಡಿದರೆ ಕುತ್ತಿಗೆ ಎಡಗಡೆಗೆ ತಿರುಚಿಕೊಂಡಿದೆ, ಗದ್ದ ಭುಜದ ಮೇಲೆ ಹೋಗಿ ಕೂತಿದೆ, ಕಣ್ಣುಗುಡ್ಡೆ ಎರಡೂ ಮೇಲಕ್ಕೆ ಸಿಕ್ಕಿಕೊಂಡು ಬರೀ ಬಿಳಿ ಕಾಣುತ್ತಿದೆ. ಬಾಯಿ ಓರೆಯಾಗಿ ನಾಲಿಗೆ ಹೊರಗೆ ಬರುತ್ತಿದೆ. ಮಾತು ತೊದಲುತ್ತಿತ್ತು, ಆದರೆ ಎಚ್ಚರವಿತ್ತು. ‘ಕುತ್ತಿಗೆ ಹಿಡ್ಕೊಳೋ, ಹಿಡ್ಕೊಳೋ’ ಅನ್ನುತ್ತಿದ್ದ. ಹಿಡಿದುಕೊಂಡೆ. ಡೈಜೆಸ್ಟರ್ ಮುಚ್ಚಳದ ಬೋಲ್ಟ್ ಬಿಗಿಯುವ ಕೈ ಇದು. ಆ ಕುತ್ತಿಗೆಯನ್ನು ಒಂದು ಇಂಚೂ ತಿರುಗಿಸಲಾಗಲಿಲ್ಲ.

ಪಕ್ಕದ ಕ್ವಾರ್ಟರ್ಸಿನ ತಮಿಳು ಮೇಸ್ತ್ರಿ ಓಡಿಬಂದು ಆಟೋ ಕರೆಸಿದರು. ಹತ್ತಿರದ ಆಸ್ಪತ್ರೆಗೆ ಐದು ನಿಮಿಷ. ಅಲ್ಲಿ ಎಲ್ಲರೂ ನನ್ನ ಮುಖ ಬಲ್ಲವರು, ಸಂಜೆಯೊಳಗೆ ಇಡೀ ಕಾಲೋನಿಗೆ ಗೊತ್ತಾಗುತ್ತದೆ. ನಾನು ಆಟೋದವನಿಗೆ ಶಿವಮೊಗ್ಗ ಅಂದೆ. ‘ಎನ್ನ ಸಾರ್ ಇದು, ಪಕ್ಕದಲ್ಲೇ ಆಸ್ಪತ್ರೆ ಇಟ್ಕೊಂಡು’ ಅಂದರು ಮೇಸ್ತ್ರಿ. ಅಣ್ಣನ ಡಾಕ್ಟರ್ ಅಲ್ಲಿದ್ದಾರೆ ಎಂದು ಹೇಳಿದೆ. ಅದು ಸುಳ್ಳಲ್ಲ. ಆದರೆ ಅದಕ್ಕಾಗಿ ನಾನು ಹೋದದ್ದಲ್ಲ. ಮುಕ್ಕಾಲು ಗಂಟೆ ದಾರಿ. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕೂತಿದ್ದಳು. ನಾಲಿಗೆ ಹಿಂದಕ್ಕೆ ಹೋಗಿ ಉಸಿರು ಕಟ್ಟಿದರೆ ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಆಟೋದ ಪ್ರತಿ ಕುಲುಕಿಗೂ ಅವನು ಉಸಿರಾಡುವುದು ಕೇಳುತ್ತದೆಯೋ ಇಲ್ಲವೋ ಎಂದು ಬಗ್ಗಿ ಕಿವಿಗೊಡುತ್ತಿದ್ದೆ.

ಡಾಕ್ಟರು ನೋಡಿದ ತಕ್ಷಣ ಸಿಸ್ಟರಿಗೆ ಇಂಜೆಕ್ಷನ್ ತರಲು ಹೇಳಿ ನನ್ನ ಕಡೆ ತಿರುಗಿದರು.

‘ಮಾತ್ರೆ ಎಷ್ಟು ಹೋಗಿದೆ? ಯಾವಾಗ?’

ಅಣ್ಣ ಮಂಚದ ಮೇಲಿದ್ದಾನೆ. ಕಣ್ಣು ಮೇಲಿದೆ, ಕಿವಿ ಇಲ್ಲೇ ಇದೆ. ನಾನು ಬಾಗಿಲ ಕಡೆ ಸನ್ನೆ ಮಾಡಿ, ಹೊರಗೆ ಹೇಳುತ್ತೇನೆ ಅನ್ನುವ ಹಾಗೆ ಕಣ್ಣು ಆಡಿಸಿದೆ.

‘ಕಣ್ಣಲ್ಲಿ ಹೇಳ್ಬೇಡ್ರಿ. ಬಾಯಲ್ಲಿ ಹೇಳಿ, ಟೈಮಿಲ್ಲ.’

ಅವನೇ ತಿಳಿಯದೆ ಜಾಸ್ತಿ ನುಂಗಿದ್ದಾನೆ ಸಾರ್ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಡೆದುಹೋಗುತ್ತಿತ್ತು. ಎಲ್ಲರೂ ನಂಬುತ್ತಿದ್ದರು, ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನಾನು ಮಂಚದ ಹತ್ತಿರ ಹೋಗಿ, ಅವನಿಗೂ ಕೇಳುವ ಹಾಗೆ, ‘ನಾನು ಅವನ ಊಟದಲ್ಲಿ ಬೆರೆಸಿ ಕೊಡ್ತಿದ್ದೆ ಸಾರ್. ದಿನಾ ಸಂಜೆ ಒಂದು. ನಿನ್ನೆ ಚಟ್ನಿಯಲ್ಲಿ’ ಅಂದೆ.

ಹಿಂದಿನಿಂದ ಹೆಂಡತಿ, ‘ನಿನ್ನೆ ನಾನು ಕಾಫಿಗೆ ಹಾಕಿದ್ನಲ್ರೀ’ ಅಂದಳು. ಬೆರಳು ಎಣಿಸಿ, ‘ಮೊನ್ನೆನೂ’ ಅಂದಳು.

ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. ಎರಡನೆಯ ಮಾತ್ರೆ ಕೊಟ್ಟಿಲ್ಲವೇ ಎಂದು ಕೇಳಿದರು. ಇಲ್ಲ ಅಂದೆ. ಬೈಯಲಿಲ್ಲ. ಸೂಜಿ ಹಾಕಿದರು, ಅರ್ಧ ಗಂಟೆಯಲ್ಲಿ ಬಿಡುತ್ತದೆ ಅಂದರು. ಗೋಡೆ ಗಡಿಯಾರ ನೋಡುತ್ತ ನಿಂತೆ. ಕಾರ್ಖಾನೆಯಲ್ಲಿ ಒತ್ತಡ ಇಳಿಯುವುದನ್ನು ಮುಳ್ಳಿನಲ್ಲಿ ನೋಡಬಹುದು. ಇಲ್ಲಿ ಅವನ ಕುತ್ತಿಗೆಯ ನರವೇ ಮುಳ್ಳು. ಇಪ್ಪತ್ತು ನಿಮಿಷಕ್ಕೆ ಅದು ಸಡಿಲವಾಯಿತು, ಕಣ್ಣು ಕೆಳಗೆ ಬಂತು. ಆ ಕಣ್ಣು ಮೊದಲು ನನ್ನ ಮೇಲೆ ನಿಂತಿತು.

‘ನಾನು ಹೇಳಿದ್ನಲ್ಲ’ ಅಂದ.

ಅಷ್ಟೇ. ನಾನು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

ಸಂಜೆ ಔಷಧದ ಅಂಗಡಿಯವನು ಚೀಟಿ ನೋಡಿ, ದನಿ ತಗ್ಗಿಸಿ ಒಂದು ಸಲಹೆ ಕೊಟ್ಟ. ಇದಕ್ಕೆ ಹನಿ ಔಷಧ ಬಂದಿದೆ, ಬಣ್ಣವಿಲ್ಲ, ರುಚಿಯಿಲ್ಲ ಅಂದ. ಅಂದರೆ ಯಾವ ಕಾಗದದಲ್ಲಿ ಸೋಸಿದರೂ ಸಿಗುವುದಿಲ್ಲ. ಎಷ್ಟೋ ಮನೆಯವರು ಒಯ್ಯುತ್ತಾರಂತೆ. ಸೀಸೆಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಹೆದರಿಕೆಗೆ ಮದ್ದು ಆ ಸೀಸೆಯಲ್ಲಿತ್ತು. ಅಣ್ಣನ ಪಾಲಿಗೆ ಅದೇನಾಗುತ್ತದೆ ಎಂದೂ ಗೊತ್ತಿತ್ತು. ವಾಪಸ್ ಕೊಟ್ಟು ಮಾತ್ರೆಯನ್ನೇ ತಂದೆ, ಈ ಸಲ ಎರಡೂ ಥರದ್ದು. ಡಾಕ್ಟರಿಗೆ ಹೇಳಿದೆ: ಇನ್ನು ಬೆರೆಸುವುದಿಲ್ಲ, ಎದುರಿಗಿಟ್ಟು ಕೇಳುತ್ತೇನೆ. ಬೇಡ ಅಂದರೆ ಬೇಡ. ಅವರು, ತಿಂಗಳಿಗೊಂದು ಇಂಜೆಕ್ಷನ್ ಇದೆ, ಕೈ ಮೀರಿದರೆ ಅದಿದೆ, ಅದನ್ನೂ ನಿಮ್ಮ ಅಣ್ಣನಿಗೆ ಹೇಳಿಯೇ ಕೊಡೋಣ ಅಂದರು.

ಮನೆಯಲ್ಲಿ ಅವನು ಊಟ ಬಿಟ್ಟ. ಸಿಪ್ಪೆ ಇರುವ ಬಾಳೆಹಣ್ಣು, ತಾನೇ ಒಡೆದ ತೆಂಗಿನಕಾಯಿ, ಅಂಗಡಿಯಿಂದ ತಾನೇ ತಂದ ಬಿಸ್ಕತ್ ಪೊಟ್ಟಣ, ಬೀದಿಯ ನಲ್ಲಿಯ ನೀರು. ಹೆಂಡತಿ ಅವನಿಗೊಂದು ಸೀಮೆಎಣ್ಣೆ ಸ್ಟೌವ್, ಒಂದು ಪಾತ್ರೆ, ಬಾಯಿ ಬಿಚ್ಚದ ಅಕ್ಕಿ ಚೀಲ ತೆಗೆದಿಟ್ಟಳು. ಅವನು ಅಕ್ಕಿಯನ್ನು ಏಳು ಸಲ ತೊಳೆದು ಗಂಜಿ ಮಾಡಿಕೊಳ್ಳುತ್ತಿದ್ದ. ಬೆಂಕಿ ಅವನ ಕೈಯಲ್ಲಿ ಎಂದು ನನಗೆ ಶಿಫ್ಟಿನಲ್ಲಿ ಹೊಸ ಭಯ.

ನಾನು ಒಂದು ಹಳೆಯ ಲೆಡ್ಜರ್ ತಂದು, ತಾರೀಕು, ಹೊತ್ತು, ಯಾವ ಮಾತ್ರೆ, ಇಟ್ಟವರು ಯಾರು ಎಂದು ಗೆರೆ ಹಾಕಿ ಅವನ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಮಾತ್ರೆ, ಪಟ್ಟಿಯಿಂದ ಬಿಡಿಸದೆ. ಅವನು ನೋಡಿ, ‘ಗೆರೆ ಹಾಕೋಕೆ ಸ್ಕೇಲ್ ಇಲ್ವಾ ಮನೇಲಿ’ ಎಂದು ಪುಟ ತಿರುಗಿಸಿ ಸರಿಯಾಗಿ ಹಾಕಿದ. ಕೊನೆಗೆ ಒಂದು ಅಂಕಣ ಸೇರಿಸಿದ: ತೆಗೆದುಕೊಂಡದ್ದು, ಬಿಟ್ಟದ್ದು. ಅದರಲ್ಲಿ ಹನ್ನೊಂದು ದಿನ ಬೇಡ, ಬೇಡ, ಬೇಡ ಎಂದು ಬರೆದ. ನಿದ್ದೆ ಹೋಯಿತು, ಕೈ ತೊಳೆಯುವುದು ಬಂತು. ಹೆಂಡತಿ ಒಂದು ದಿನ, ‘ಹನಿ ಔಷಧ ತಂದಿದ್ರೆ ಆಗ್ತಿತ್ತೇನೋ’ ಅಂದಳು. ಇಂಜೆಕ್ಷನ್ನಿಗೆ ಕರೆದೊಯ್ಯುವ ದಿನ ಗೊತ್ತುಮಾಡಿ ಅವನಿಗೂ ಹೇಳಿದೆ. ಆ ದಿನಕ್ಕೆ ಎರಡು ದಿನ ಮುಂಚೆ, ಬೇಡ ಎಂದಿರುತ್ತಿದ್ದ ಕಡೆ ‘ಅರ್ಧ’ ಎಂದಿತ್ತು. ಉಳಿದ ಅರ್ಧ ಮಾತ್ರೆ ಪುಟದ ಮೇಲೇ ಇತ್ತು. ಡಾಕ್ಟರು ಇಂಜೆಕ್ಷನ್ ಮುಂದಕ್ಕೆ ಹಾಕಿದರು. ನಾಲ್ಕು ದಿನ ಬಿಟ್ಟು ಪೂರ್ತಿ. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಗಂಜಿ ಮಾತ್ರ ತನ್ನದೇ ಸ್ಟೌವಿನದು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸೆಕ್ಷನ್ ಫೋನ್ ಬಂತು. ಗೇಟಿನಿಂದ. ನಿಮ್ಮ ಅಣ್ಣ ಬಂದು ನಿಂತಿದ್ದಾರೆ ಅಂದರು. ಡೈಜೆಸ್ಟರ್ ಒತ್ತಡದಲ್ಲಿತ್ತು. ಹೆಲ್ಪರಿಗೆ ಮುಳ್ಳು ನೋಡಿಕೋ ಎಂದು ಹೇಳಿ ಓಡಿದೆ. ಮನೆಗೆ ಬೆಂಕಿ ಬಿದ್ದಿದೆ, ಹೆಂಡತಿಗೆ ಏನೋ ಆಗಿದೆ. ಗೇಟು ಮುಟ್ಟುವಷ್ಟರಲ್ಲಿ ಮನಸ್ಸಿನಲ್ಲಿ ಎಲ್ಲ ಆಗಿಹೋಗಿತ್ತು.

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಕೈಯಲ್ಲಿ ಖಾಲಿ ಮಾತ್ರೆ ಪಟ್ಟಿ.

‘ನಾಳೆಗೆ ಇಲ್ಲ ಕಣೋ. ನಿಂಗೆ ರಜೆ ಸಿಗುತ್ತಾ, ಇಲ್ಲ ನಾನೇ ಹೋಗಿ ತರ್ಲಾ?’

ಪಾತ್ರೆ ಕುದಿಯುವಾಗ ಬಿಟ್ಟುಬರುವ ಹಾಗಿಲ್ಲ. ನಾಳೆ ಹೋಗೋಣ ಅನ್ನಬಹುದಿತ್ತು. ಶಿವಮೊಗ್ಗಕ್ಕೆ ಒಬ್ಬನೇ, ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನ ಆ ಜನದಲ್ಲಿ. ತುಂಗೆಯ ಸೇತುವೆ ನೆನಪಾಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

‘ಹೋಗಿ ಬಾ’ ಅಂದೆ.

ಶಿಫ್ಟ್ ಮುಗಿಯುವವರೆಗೆ ಅರ್ಧ ಗಂಟೆಗೊಮ್ಮೆ ಅಂಕಿ ಬರೆದೆ. ಆ ಪುಟದಲ್ಲಿ ಎರಡು ಕಡೆ ಚಿತ್ತಾಗಿತ್ತು. ಎರಡೂವರೆಗೆ ಮನೆಗೆ ಹೋದರೆ ಅವನು ಬಂದಿರಲಿಲ್ಲ. ಮೂರಕ್ಕೂ ಇಲ್ಲ. ಬಸ್ ಸ್ಟಾಪಿಗೆ ಹೋಗಿ ನಿಂತೆ. ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ, ನಾಲ್ಕು ಗಂಟೆ ದಾಟಿದ ಮೇಲೆ, ಇಳಿದ. ಕೈಯಲ್ಲಿ ಔಷಧದ ಪೊಟ್ಟಣ. ಊಟ ಮಾಡಿದೆಯಾ ಎಂದು ಕೇಳಿದೆ, ಇಲ್ಲ ಅಂದ. ಇಬ್ಬರೂ ನಡೆದೆವು. ಕ್ವಾರ್ಟರ್ಸಿನ ತಿರುವಿನಲ್ಲಿ ಹೇಳಿದ:

‘ಡಾಕ್ಟ್ರು ನಿನ್ನ ಕೇಳಿದ್ರು. ತಮ್ಮನಿಗೆ ಹೆದರಿಕೆ ಇನ್ನೂ ಹೋಗಿಲ್ಲ ಅಂದೆ.’

ಮನೆಯಲ್ಲಿ ಅವನು ಕೈಕಾಲು ತೊಳೆದು, ಸ್ಟೌವಿನ ಕಡೆ ಹೋಗದೆ, ಅಡುಗೆಮನೆಯ ಬಾಗಿಲಲ್ಲಿ ಕೂತ. ಹೆಂಡತಿ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ, ಅವಳಿಗೆ ಯಾವ ಸನ್ನೆಯನ್ನೂ ಮಾಡಬಾರದು ಎಂದು. ಅವಳು ನಮ್ಮ ಪಾತ್ರೆಯಿಂದಲೇ ಅನ್ನ, ಸಾರು ಬಡಿಸಿದಳು. ಅವನು ತಟ್ಟೆಯನ್ನು ತುಂಬ ಹೊತ್ತು ನೋಡಿದ. ನಾನು ಎದ್ದು ಹೊರಗಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತೆ. ಅವನು ತಿಂದನೋ ಇಲ್ಲವೋ ಎಂದು ಅವತ್ತು ನಾನು ತಿರುಗಿ ನೋಡಲಿಲ್ಲ.